ಪರದೆಗೆ ಬಳಿದ ವಿಭೂತಿ

ಓಡೈಪಟ್ಟಿಯಿಂದ ಚಿನ್ನಮನೂರಿಗೆ ಹೋಗುವ ಬಸ್ಸಿನಲ್ಲಿ ಪಾಂಡಿಯರಾಜನ್ ಕಣ್ಣು ಮುಚ್ಚಿದ್ದ. ಮುಂದಿನ ಸೀಟಿನ ಹೆಂಗಸರಿಬ್ಬರು ಅವನ ಕಿವಿ ಮುಚ್ಚಲು ಬಿಡಲಿಲ್ಲ.

"ರಾಜಮ್ಮಾಳಕ್ಕಾ, ನಿನ್ ಸೊಸೆ ಕಂಪ್ಯೂಟ್ರು ಕೆಟ್ಟೋಯ್ತಂತೆ?"

"ಕೆಟ್ಟಿಲ್ಲ ಕಣೆ ಮುತ್ತುಸೆಲ್ವಿ, ಮಂಕಾಗಿತ್ತು. ದ್ರಾಕ್ಷಿ ಪೆಟ್ಟಿಗೆ ಮೇಲೆ ಅಂಟಿಸೋ ಚಿತ್ರ ಬರೀತಾಳಲ್ಲ, ವ್ಯಾಪಾರಿ ನೋಡೋಕೆ ಬರೋ ದಿನವೇ ಕಂಪ್ಯೂಟ್ರು ಪರದೆ ಮೇಲೆ ಹಣ್ಣೆಲ್ಲಾ ಬೂದಿ ಬಣ್ಣ!"

"ಅಯ್ಯೋ, ಆಮೇಲೆ?"

"ತೇನಿಯಿಂದ ಮೆಕ್ಯಾನಿಕ್ಕು ಬಂದ. ವಯರು ಬದಲಾಯಿಸ್ದ, ಬೆಳಕು ಏರಿಸ್ದ. ಕೊನೇಗೆ ಒರೆಸೋಕೆ ಬಟ್ಟೆ ತಗೊಂಡ. ಕೈ ಹಿಡಿದು ನಿಲ್ಲಿಸ್ದೆ."

"ಯಾಕಕ್ಕಾ?"

"ಆಯುಧಪೂಜೇಲಿ ನಾನೇ ಪರದೆ ತುಂಬಾ ವಿಭೂತಿ ಬಳಿದಿದ್ದೆ. ಟ್ರ್ಯಾಕ್ಟರ್‌ಗೆ ಇಟ್ಟಿದ್ದನ್ನ ಯಾರಾದ್ರೂ ಒರೆಸ್ತಾರಾ? ತಾನಾಗೇ ಉದುರಬೇಕು."

"ಅದೂ ಸರೀನೇ. ವ್ಯಾಪಾರಿ ಬೈದನಾ?"

"ಬೈಯೋದಾ? ಕೈ ಮುಗಿದ! ಈಗ ತಾನೇ ಬಳ್ಳಿಯಿಂದ ಕಿತ್ತ ಹಣ್ಣಿನ ಮೇಲಿನ ಬಿಳುಪು ಹಂಗೇ ಬಂದದೆ, ಎಲ್ಲಾ ಪೆಟ್ಟಿಗೆಗೂ ಇದೇ ಇರ್ಲಿ ಅಂದ."

"ಸೊಸೆ ಕುಣಿದಾಡಿರಬೇಕು."

"ಎಲ್ಲಿ? ಚಿನ್ನಮನೂರಿನ ಪ್ರೆಸ್ಸಲ್ಲಿ ಅಚ್ಚು ಹಾಕಿದ್ರೆ ಆ ಬಿಳುಪು ಬರಲ್ವಂತೆ, ತಲೆ ಮೇಲೆ ಕೈ ಹೊತ್ಕೊಂಡು ಕೂತವ್ಳೆ."

"ಈಗೇನ್ ಮಾಡ್ತೀಯಕ್ಕಾ?"

ಬಸ್ಸು ನಿಂತಿತು. ರಾಜಮ್ಮಾಳ್ ಸೆರಗಿನ ಗಂಟು ತಟ್ಟಿಕೊಂಡು ಎದ್ದಳು.

"ವಿಭೂತಿ ತಂದಿವ್ನಿ. ಪ್ರೆಸ್ಸಿನ ಮಿಷನ್ನಿಗೂ ಬಳಿದುಬಿಡ್ತೀನಿ."

ಇಬ್ಬರೂ ಇಳಿದು ಪ್ರೆಸ್ಸಿನ ಕಡೆ ನಡೆದರು.