ನಲವತ್ತೊಂದನೆಯ ದನಿ

ನಂಬೋದು ಬಿಡೋದು ನಿಮಗೆ ಸೇರಿದ್ದು. ನಬೀಹ್ ನನ್ನ ಸೋದರತ್ತೆಯ ಮಗ. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ. ಇದನ್ನು ಹೇಳುವಾಗ ಆಗಲಿಲ್ಲ.

ಹೋದ ಚಳಿಗಾಲ, ಇದೇ ಟ್ರಿಪೋಲಿಯಲ್ಲಿ. ರಾತ್ರಿ ಹನ್ನೊಂದು ದಾಟಿತ್ತು. ಹಳೇ ಹಮಾಮು, ಅಂದರೆ ಊರ ಸ್ನಾನದ ಮನೆಯ ಬಾವಿಯ ಪಕ್ಕದಿಂದ ಅವನು ಮನೆಗೆ ಬರುತ್ತಿದ್ದ. ಹೆಗಲ ಚೀಲದಲ್ಲಿ ಅವನ ಚಿಕ್ಕಮ್ಮನ ಮಗ, ಸತ್ತುಹೋದ ತಮೀಮ್‌ನ ಗೇಮಿಂಗ್ ಲ್ಯಾಪ್‌ಟಾಪ್.

ತಮೀಮ್ ಗೆಳೆಯರ ಜೊತೆ ಆಡುತ್ತಾ ಹರಟಿದ ನಲವತ್ತು ರೆಕಾರ್ಡಿಂಗ್ ಅದರಲ್ಲಿದ್ದವು. ಅವನ ತಾಯಿಗೆ ಆ ದನಿ ಬೇಕಿತ್ತು. ಹಳೇ ಡಿಸ್ಕ್ ಸಾಯುತ್ತಿತ್ತು... ಟಿಕ್... ಟಿಕ್. ಅದನ್ನು ಮುಟ್ಟದೆ ಲ್ಯಾಪ್‌ಟಾಪ್ ಏಳಿಸಲು, ಪಕ್ಕದ ಖಾಲಿ ಡಿಸ್ಕಿಗೆ ನಬೀಹ್ ಮೂರು ದಿನ ಹೆಣಗಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ದ. ಪರದೆ ಬಂತು. ಅದರೊಳಗಿನ ಫ್ಯಾನು ಮಾತು ಕೇಳಲಿಲ್ಲ. ಮೈಕು, ಸ್ಪೀಕರು ಎರಡೂ ಮೂಕ.

ಚಾರ್ಜರ್ ಚುಚ್ಚಿಟ್ಟರೆ ಚಿಕ್ಕಮ್ಮನ ಮನೆಯ ಕರೆಂಟ್ ಆಗಾಗ ಹಾರುತ್ತಿತ್ತು.

"ಚಿಕ್ಕಮ್ಮ, ಬೀದಿ ಜನರೇಟರಿಂದ ನೀವು ತಗೊಂಡಿರೋ ಎರಡು ಆಂಪಿಯರ್ ಇದಕ್ಕೆ ಸಾಲಲ್ಲ. ಇನ್ನೊಂದ್ಸಲ ಕರೆಂಟ್ ಹೋದ್ರೆ ಡಿಸ್ಕ್ ಏಳಲ್ಲ. ನಮ್ಮನೇಲಿ ಐದಿದೆ, ತಗೊಂಡ್ಹೋಗ್ತೀನಿ."

"ನಾಳೆಗೆ ಅವ್ನು ಹೋಗಿ ವರ್ಷ, ಮಗಾ. ಬೆಳಿಗ್ಗೆ ಕೇಳಿಸ್ತೀಯಾ?"

"ಕೇಳಿಸ್ತೀನಿ."

ಬಾವಿಯ ಹತ್ತಿರ ಚೀಲದೊಳಗಿಂದ... ಗುಂಯ್... ಫ್ಯಾನು. ಲಿನಕ್ಸ್ ಹಾಕಿದರೆ ಮುಚ್ಚಳ ಮುಚ್ಚಿದರೂ ಇದು ಮಲಗುವುದಿಲ್ಲವಲ್ಲ ಎಂದು ಗೊಣಗಿಕೊಂಡ. ಹತ್ತು ಹೆಜ್ಜೆ ನಡೆದ ಮೇಲೆ ನೆನಪಾಯಿತು. ಬ್ಯಾಟರಿಯೇ ಇಲ್ಲ. ಊದಿಕೊಂಡಿದೆಯೆಂದು ತಾನೇ ಬಿಚ್ಚಿ ಚಿಕ್ಕಮ್ಮನ ಬಾಲ್ಕನಿಯಲ್ಲಿ ಮರಳಿನ ಡಬ್ಬಕ್ಕೆ ಹಾಕಿದ್ದ.

ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಯಾರಿಗಿದೆ?

ಮನೆಯಲ್ಲಿ ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವಿಗೆ ನಕಲು ಮಾಡತೊಡಗಿದ. ಬೀದಿಯ ಜನರೇಟರ್ ಹನ್ನೆರಡಕ್ಕೆ ನಿಲ್ಲುತ್ತದೆ, ಮಗುವಿಗೂ ಗೊತ್ತು. ಅರ್ಧ ಗಂಟೆ ಸಾಕು ಅಂದುಕೊಂಡ. ದುಡುಕಿದ. ಡಿಸ್ಕ್ ಆಮೆಯ ಹಾಗೆ ತೆವಳಿತು. ಕಾಲು ಕುಣಿಸುತ್ತಾ ಗಡಿಯಾರ ನೋಡಿದ, ಎದ್ದ, ಕೂತ, ಮತ್ತೆ ಎದ್ದ. ಮೂವತ್ತೊಂದು ಮುಗಿದಿತ್ತು.

ಧಡ್... ಧಡ್... ಧಡ್. ಜನರೇಟರ್ ನಿಂತಿತು. ದೀಪ ಹೋಯಿತು. ಇಡೀ ಬೀದಿ ಕತ್ತಲು.

ಫ್ಯಾನು ನಿಲ್ಲಲಿಲ್ಲ.

ಕೀಬೋರ್ಡಿನ ಕೀಲಿಗಳ ಕೆಂಪು ಬೆಳಕು ಹಾಗೇ ಇತ್ತು. ನಬೀಹ್ ಚಾರ್ಜರಿನ ವೈರು ಕಿತ್ತು ಕೈಯಲ್ಲಿ ಹಿಡಿದ. ಪರದೆಯ ಮೇಲೆ ಮೂವತ್ತೆರಡು... ಮೂವತ್ತಮೂರು...

"ಯಾರು?" ಅಂದ, ಪಿಸುಗುಟ್ಟಿ.

ಒಂದು ಕೀಲಿ ಮಾತ್ರ ತಾನಾಗಿಯೇ ಒತ್ತಿಕೊಂಡಿತು... ಟಕ್.

ನಲವತ್ತಾಯಿತು. ಸುಯ್ ಎಂದು ಫ್ಯಾನು ನಿಂತಿತು. ಬೆಳಗಾಗುವವರೆಗೆ ಅವನು ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿದ್ದ.

ಬೆಳಿಗ್ಗೆ ಚಿಕ್ಕಮ್ಮ ಪೆನ್‌ಡ್ರೈವನ್ನು ಫೋನಿಗೆ ಸಿಕ್ಕಿಸಿ ಒಂದೊಂದೇ ಕೇಳಿದಳು. ನಕ್ಕಳು, ಅತ್ತಳು. ಆಮೇಲೆ, "ನೀನು ನಲವತ್ತು ಅಂದಿದ್ದೆ. ಇಲ್ಲಿ ನಲವತ್ತೊಂದಿದೆ," ಅಂದಳು.

ಕೊನೆಯದರ ಸಮಯ ಹಿಂದಿನ ರಾತ್ರಿ ಹನ್ನೆರಡು ಗಂಟೆ ಒಂಬತ್ತು ನಿಮಿಷ. ಮೊದಲು ಫ್ಯಾನಿನ ಗುಂಯ್. ಆಮೇಲೆ ನಬೀಹ್‌ನ ಪಿಸುಮಾತು: "ಯಾರು?" ಕೀಲಿಯ ಟಕ್. ಆಮೇಲೆ ತಮೀಮ್, ತೀರಾ ಹತ್ತಿರದಿಂದ.

"ಅಮ್ಮ ಮಲಗಿದ್ಲಾ?"

ನಬೀಹ್ ಎದ್ದು ಬಾಗಿಲಿನತ್ತ ಸರಿದ. ಚಿಕ್ಕಮ್ಮ ಮಾತ್ರ ಹೆದರಲಿಲ್ಲ. ರಾತ್ರಿ ಆಟಕ್ಕೆ ಕೂರುವ ಮೊದಲು ತಮೀಮ್ ದಿನಾ ತನ್ನ ಅಕ್ಕನನ್ನು ಕೇಳುತ್ತಿದ್ದದ್ದು ಇದನ್ನೇ. ಚಿಕ್ಕಮ್ಮ ಫೋನನ್ನು ಬಾಯಿಯ ಹತ್ತಿರ ತಂದಳು.

"ಇಲ್ಲ ಕಂದಾ, ಮಲಗಿರಲಿಲ್ಲ."

ಆ ದನಿಯನ್ನು ನಾನೂ ಕೇಳಿದ್ದೇನೆ, ಆಣೆಯಿಟ್ಟು ಹೇಳುತ್ತೇನೆ. ಲ್ಯಾಪ್‌ಟಾಪ್ ಈಗ ನಬೀಹ್‌ನ ಮನೆಯಲ್ಲಿದೆ. ಮೈಕು ಇವತ್ತಿಗೂ ಕೆಲಸ ಮಾಡುವುದಿಲ್ಲ.