ರಾತ್ರಿ ಉಣ್ಣದ ವೈದ್ಯ

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಅಕ್ಕ, ತಮ್ಮ ಕೂತಿದ್ದರು. ತಮ್ಮನ ಕಾಲು ಊದಿತ್ತು. ಪಾದದ ಹುಣ್ಣಿಗೆ ಮೆತ್ತಿದ್ದ ಮಣ್ಣು ಒಣಗಿ ಬಿರಿದಿತ್ತು.

“ಸಕ್ಕರೆ ಕಾಯಿಲೆ ಇಂಜೆಕ್ಷನ್ ಬಿಡು ಅಂತ ಯಾರು ಹೇಳಿದ್ದೋ, ಭುಜಬಲಿ?”

“ಹಿರೀಸಾವೇಲಿ ಪ್ರಕೃತಿ ಚಿಕಿತ್ಸೆ ಮಾಡೋರು, ಅಕ್ಕ. ಮಣ್ಣು, ನೀರು, ಉಪವಾಸ ಸಾಕಂತೆ.”

“ಎಲ್ಲಿ ಕಲ್ತನಂತೆ? ಸರ್ಕಾರದಲ್ಲಿ ವೈದ್ಯ ಅಂತ ರಿಜಿಸ್ಟರ್ ಆಗವ್ನಾ?”

“ಅಂಥ ದೊಡ್ಡೋರನ್ನ ಅದೆಲ್ಲ ಕೇಳಕ್ಕಾಯ್ತದಾ?”

“ಮತ್ತೆ ಏನ್ ನೋಡಿ ನಂಬ್ದೆ?”

“ನಮ್ಮ ಜೈನರಂಗೇ ಅಕ್ಕ, ಹೊತ್ತು ಮುಳುಗಿದ್ಮೇಲೆ ಒಂದಗುಳು ಮುಟ್ಟಲ್ಲ. ನೀರೂ ಸೋಸಿ ಕುಡೀತಾರೆ.”

“ನಾನೂ ಮುಟ್ಟಲ್ಲ ಕಣೋ! ಅಂಗಾದ್ರೆ ನಾನೂ ಡಾಕ್ಟ್ರಾ?”

“ಪ್ರಕೃತಿ ಚಿಕಿತ್ಸೇನೂ ಒಂದು ವಿದ್ಯೆ, ಅಕ್ಕ.”

“ಅಲ್ಲ ಅಂದೋರ್ಯಾರು? ಅದನ್ನ ಓದಿ ಕಲ್ತೋನಾಗಿದ್ರೆ ಇಂಜೆಕ್ಷನ್ ಬಿಡಿಸಿ ಹುಣ್ಣಿಗೆ ಮಣ್ಣು ಮೆತ್ತುತಿದ್ನಾ?”

ಬಸ್ ಬಂತು. ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಆಕೆ ಎಬ್ಬಿಸಿದಳು. ಬಸ್ಸಿನ ಮೆಟ್ಟಿಲ ಮೇಲೆ ಅವನು ನಿಂತುಬಿಟ್ಟ.

“ಅಕ್ಕ, ಹಾಸನದ ಡಾಕ್ಟ್ರು ರಾತ್ರಿ ಹೊತ್ತು ಉಣ್ಣೋರಾ?”

“ನಿನ್ ಕಾಲು ಉಳಿಸಿದ್ರೆ ನಡುರಾತ್ರೀಲಿ ನಾನೇ ಬಡಿಸ್ತೀನಿ, ಹತ್ತೋ!”