ಐದನೇ ಸಾಲಿನ ಹೆಸರು

ನೇತ್ರಾವತಿ ಕೋಂ ಓಂಕಾರ್, 46 ವರ್ಷ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ವಾಸ ಕತ್ತಲಗೆರೆ, ಚನ್ನಗಿರಿ ತಾಲ್ಲೂಕು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನಮ್ಮೂರಿನಿಂದ ನಾಲ್ಕು ಕಿಲೋಮೀಟರ್ ದೂರದ ಬೂದಿಹಳ್ಳದ ಕಾಡಿನಲ್ಲಿ, ಹಿಂದೆ ಕಂಪನಿ ಸರ್ಕಾರದ ದಂಡಿನೊಡನೆ ನಡೆದ ಕಾಳಗದಲ್ಲಿ ಸುತ್ತಲಿನ ಒಂಬತ್ತು ಮಂದಿ ಸತ್ತ ಜಾಗವಿದೆ. ಅಲ್ಲಿ ಸ್ಮಾರಕದ ಕಲ್ಲು ನಿಲ್ಲಿಸಲು 2022ರಲ್ಲಿ ಸಮಿತಿಯಾಯಿತು. ಅಡಿಕೆ ವ್ಯಾಪಾರಿ ಜಯದೇವಪ್ಪನವರು ಅಧ್ಯಕ್ಷರು. ಮನೆಮನೆಗೆ ಹೋಗಿ ಸತ್ತವರ ಹೆಸರು ಬರೆದುಕೊಂಡು ಬರುವುದು ನನ್ನ ಕೆಲಸವಾಗಿತ್ತು. ಕುರಿ ಸಾಕುವ ಕಲ್ಲೇಶಪ್ಪನವರು, ಈಗ 71 ವರ್ಷ, ತಮ್ಮ ಮುತ್ತಜ್ಜನ ತಂದೆ ಕರಿಹಾಲಪ್ಪ ಅಲ್ಲಿ ಗುಂಡು ತಗುಲಿ ಸತ್ತರೆಂದು ಹೇಳಿದರು. ಅವರ ಮನೆಯವರು ಪ್ರತಿ ಅಮಾವಾಸ್ಯೆ ಆ ಜಾಗಕ್ಕೆ ಎಡೆ ಒಯ್ಯುತ್ತಾರೆ.

ಪಟ್ಟಿಯನ್ನು ನ್ಯಾಮತಿಯ ಕಲ್ಲು ಕೆತ್ತುವವರಿಗೆ ಕಳಿಸುವ ಹಿಂದಿನ ದಿನ ಜಯದೇವಪ್ಪನವರು ನಮ್ಮ ಮನೆಗೆ ಬಂದು, "ನಮ್ಮ ವಂಶದ ಗುರುಬಸಪ್ಪಂದೂ ಒಂದು ಹೆಸ್ರು ಇರ್ಲಿ ಟೀಚರ್, ಹೆಂಗಾರ ಹೊಂದಿಸ್ರಿ" ಎಂದರು. ಅಂಥವರು ಅಲ್ಲಿ ಸತ್ತ ಬಗ್ಗೆ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಆಗ ನನ್ನ ತಂಗಿ ಕಲ್ಪನಾಳನ್ನು ಅವರ ಅಣ್ಣನ ಮಗನಿಗೆ ಕೊಡುವ ಮಾತು ನಡೆದಿತ್ತು, ಮುಂದೆ ಆ ಮದುವೆಯೂ ಆಯಿತು. ಕಲ್ಲಿನಲ್ಲಿ ಜಾಗವಿದ್ದದ್ದು ಒಂಬತ್ತು ಸಾಲಿಗೆ. ಉಳಿದ ಎಂಟು ಮನೆಗಳಲ್ಲಿ ಓದುಬಲ್ಲವರಿದ್ದರು. ಕಲ್ಲೇಶಪ್ಪನವರಿಗೂ ಅವರ ಹೆಂಡತಿ ಚೌಡಮ್ಮನವರಿಗೂ ಓದು ಬಾರದು, ಮಕ್ಕಳಿಲ್ಲ. ಆದ್ದರಿಂದ ಅವರ ಮನೆಯ ಕರಿಹಾಲಪ್ಪನ ಹೆಸರನ್ನೇ ಹೊಡೆದುಹಾಕಿ ಐದನೇ ಸಾಲಿನಲ್ಲಿ ಗುರುಬಸಪ್ಪ ಎಂದು ಬರೆದೆ. ಯಾರ ಹೆಸರು ತೆಗೆಯಬೇಕೆಂದು ಜಯದೇವಪ್ಪನವರು ಹೇಳಿರಲಿಲ್ಲ. ಆರಿಸಿದವಳು ನಾನು.

ದಿನಾಂಕ 18-12-2022ರಂದು ಬೆಳಿಗ್ಗೆ 11 ಗಂಟೆಗೆ ಕಲ್ಲಿನ ಅನಾವರಣವಾಯಿತು. ಜನ ಊಟಕ್ಕೆ ಎದ್ದ ಮೇಲೆ ಕಲ್ಲೇಶಪ್ಪನವರು ಹೊಸ ರುಮಾಲು ಸುತ್ತಿಕೊಂಡು ನನ್ನ ಹತ್ತಿರ ಬಂದು, "ನಮ್ಮಜ್ಜನ ಹೆಸ್ರು ಎಲ್ಲೈತೆ ತೋರಿಸ್ರವ್ವಾ" ಎಂದರು. ನಾನು ಅವರ ಬಲಗೈ ಬೆರಳು ಹಿಡಿದು ಐದನೇ ಸಾಲಿನ ಮೇಲಿಟ್ಟು, ಒಂದೊಂದೇ ಅಕ್ಷರ ಸರಿಸುತ್ತಾ ಕ, ರಿ, ಹಾ, ಲ, ಪ್ಪ ಎಂದು ಓದಿದೆ. ಎರಡು ಹೆಸರಿಗೂ ಐದೈದೇ ಅಕ್ಷರ. ಇನ್ನೊಂದು ಸಲ ಓದಿರೆಂದರು. ಓದಿದೆ. ಅವರು ಕಲ್ಲಿಗೆ ಹಣೆ ಹಚ್ಚಿದರು. ಅಂದಿನಿಂದ ಪ್ರತಿ ಅಮಾವಾಸ್ಯೆ ಆ ಒಂದು ಸಾಲಿಗೆ ಮಾತ್ರ ವಿಭೂತಿ ಹಚ್ಚಿರುತ್ತಿತ್ತು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಎರಡು ಸಲ ಕಣ್ಣಾರೆ ನೋಡಿದ್ದೇನೆ.

ದಿನಾಂಕ 29-01-2025ರ ಅಮಾವಾಸ್ಯೆಗೆ ಕಲ್ಲೇಶಪ್ಪನವರ ತಂಗಿಯ ಸೊಸೆ ಚೈತ್ರಾ ಜಗಳೂರಿನಿಂದ ಬಂದವಳು ಅವರ ಜೊತೆ ಕಾಡಿಗೆ ಹೋಗಿ, ಕಲ್ಲನ್ನು ಓದಿ, ಅಲ್ಲಿ ಕರಿಹಾಲಪ್ಪನ ಹೆಸರೇ ಇಲ್ಲವೆಂದಳಂತೆ. ಅದೇ ಸಂಜೆ 5 ಗಂಟೆಗೆ ಅವರು ನಮ್ಮ ಮನೆ ಮೆಟ್ಟಿಲ ಹತ್ತಿರ ನಿಂತು, "ಆ ಹುಡ್ಗೀಗೆ ಓದಾಕೆ ಬರಲ್ಲ ಅಂತ ಬೈದು ಬಂದೀನಿ. ನೀವೊಂದು ಮಾತು ಹೇಳಿಬಿಡ್ರಿ ಅವ್ವಾ" ಎಂದರು. ನೀರು ತರುತ್ತೇನೆಂದು ಒಳಗೆ ಹೋದ ನಾನು ಹೊರಗೆ ಬರಲಿಲ್ಲ. ಅವರು ಸುಮಾರು ಐದು ನಿಮಿಷ ಕಾದಿದ್ದು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಈ ದಿನ ಬೆಳಿಗ್ಗೆ 8 ಗಂಟೆಗೆ ಅವರು ಉಳಿ ಸುತ್ತಿಗೆಯಿಂದ ಐದನೇ ಸಾಲನ್ನು ಒಡೆದಿದ್ದನ್ನು ಅರಣ್ಯ ವಾಚರ್ ಸಿದ್ದು ನೋಡಿ ತಿಳಿಸಿದ ಮೇಲೆ ಪೊಲೀಸರು ಅವರನ್ನು ಕರೆತಂದಿರುತ್ತಾರೆ. ಕಾರಣ ಕೇಳಿದ್ದಕ್ಕೆ "ನಾನೇ ಹೊಡ್ದೀನಿ" ಎಂದಷ್ಟೇ ಹೇಳಿ, ನನ್ನ ಹೆಸರು ಎತ್ತಲಿಲ್ಲವೆಂದು ತಿಳಿಯಿತು. 10-30ಕ್ಕೆ ಕಲ್ಪನಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಫೋನ್ ಇಟ್ಟಳು.

ಮಧ್ಯಾಹ್ನ 12-15ಕ್ಕೆ ಠಾಣೆಗೆ ಬಂದೆ. ಬೆಂಚಿನ ಮೇಲಿದ್ದ ಕಲ್ಲೇಶಪ್ಪನವರು ಎದ್ದು ನಿಂತರು. ನಾನು ಬಂದ ಕಾರಣ ಹೇಳಿದಾಗ ದನಿ ತಗ್ಗಿಸಿ, "ನಿಮ್ಮ ತಂಗಿ ಆ ಮನೇಲಿ ಬಾಳ್ವೆ ಮಾಡ್ಬೇಕಲ್ರೀ. ಹೇಳಾಕೆ ಹೋಗಬ್ಯಾಡ್ರಿ, ಮನೆಗೆ ನಡೀರಿ" ಎಂದರು. ನಾನು ಹೋಗಲಿಲ್ಲ.

ಅವರು ಒಡೆದ ಸಾಲಿನಲ್ಲಿ ಇದ್ದದ್ದು ಸುಳ್ಳು. ಅದನ್ನು ಬರೆದವಳೂ ನಾನೇ, ಅವರ ಕೈ ಹಿಡಿದು ಓದಿಸಿದವಳೂ ನಾನೇ. ಕ್ರಮ ಜರುಗಿಸುವುದಾದರೆ ನನ್ನ ಮೇಲೆ ಜರುಗಿಸಬೇಕು.

ಬರೆದದ್ದನ್ನು, ನನ್ನ ಕೋರಿಕೆಯಂತೆ, ಕಲ್ಲೇಶಪ್ಪನವರಿಗೂ ಕೇಳುವ ಹಾಗೆ ಪೊಲೀಸರು ಗಟ್ಟಿಯಾಗಿ ಓದಿದರು. ನಾನು ಹೇಳಿದಂತೆಯೇ ಇದೆ. ಎಲ್ಲವೂ ನಿಜ.

ಸ್ಥಳ: ಚನ್ನಗಿರಿ
ದಿನಾಂಕ: 30-01-2025
ಸಹಿ: ನೇತ್ರಾವತಿ